ಎಜಿಎಂ ನೋಟಿಸ್ ಓದಿ ವೋಟ್ ಹಾಕುವುದು ಹೇಗೆ? ಬೋರ್ಡ್ ಕಮಿಟಿಗಳ ಮೇಲೆ ಕಣ್ಣಿಡಲು ಸಣ್ಣ ಷೇರುದಾರರಿಗೊಂದು ಕೈಪಿಡಿ

ಜುಲೈನಿಂದ ಸೆಪ್ಟೆಂಬರ್‌ವರೆಗೆ ನನ್ನ ಇಮೇಲ್‌ಗೆ ಒಂದೇ ತರದ ಪತ್ರಗಳು ಬಂದು ಬೀಳುತ್ತವೆ. ‘ವಾರ್ಷಿಕ ಮಹಾಸಭೆಯ (ಎಜಿಎಂ) ನೋಟಿಸ್’, ‘ಇ-ವೋಟಿಂಗ್ ಸೂಚನೆ’. ಬಹಳ ವರ್ಷ ನಾನು ಅವನ್ನು ತೆರೆದೂ ನೋಡದೆ ಡಿಲೀಟ್ ಮಾಡುತ್ತಿದ್ದೆ. ಇರುವುದೇ ನಲವತ್ತು ಷೇರು, ನನ್ನ ಮಾತು ಯಾರು ಕೇಳುತ್ತಾರೆ ಅಂತ.

ಆಮೇಲೊಮ್ಮೆ ನಾನು ಷೇರು ಇಟ್ಟಿದ್ದ ಒಂದು ಕಂಪನಿ, ಮಾಲೀಕರ ಮನೆಯವರದೇ ಇನ್ನೊಂದು ಸಂಸ್ಥೆಗೆ ದೊಡ್ಡ ಸಾಲ ಕೊಟ್ಟಿತು. ಸಾಲ ವಾಪಸ್ ಬರಲಿಲ್ಲ. ಷೇರಿನ ಬೆಲೆ ಅರ್ಧಕ್ಕೆ ಇಳಿಯಿತು. ಹೊಟ್ಟೆಯುರಿದು ಹಳೆಯ ಮೇಲ್‌ಗಳನ್ನು ಕೆದಕಿದೆ. ಆ ಸಾಲದ ಪ್ರಸ್ತಾಪ ಎರಡು ವರ್ಷ ಹಿಂದಿನ ನೋಟಿಸಿನಲ್ಲೇ ಇತ್ತು, ಏಳನೇ ನಿರ್ಣಯವಾಗಿ. ಆಡಿಟ್ ಕಮಿಟಿ ಒಪ್ಪಿದೆ, ಷೇರುದಾರರ ಒಪ್ಪಿಗೆ ಬೇಕಿದೆ ಎಂದು ಬರೆದಿತ್ತು. ಕೇಳಿದ್ದು ನನ್ನನ್ನೇ. ನಾನು ಡಿಲೀಟ್ ಮಾಡಿದ್ದೆ.

ಅಂದಿನಿಂದ ನೋಟಿಸ್ ಓದುವ ಚಟ ಹತ್ತಿತು. ಓದುತ್ತಾ ಓದುತ್ತಾ ಒಂದು ವಿಷಯ ತಿಳಿಯಿತು. ಬೋರ್ಡಿನ, ಅಂದರೆ ನಿರ್ದೇಶಕ ಮಂಡಳಿಯ, ಕಮಿಟಿಗಳಿಗೆ ಯಾರು ಹೋಗಬೇಕು ಅಂತ ನಾವು ನೇರವಾಗಿ ಆರಿಸುವುದಿಲ್ಲ. ಅದನ್ನು ಬೋರ್ಡ್ ತಾನೇ ಮಾಡಿಕೊಳ್ಳುತ್ತದೆ. ಆದರೆ ನೋಟಿಸಿನಲ್ಲಿ ಬರುವ ಬಹುಪಾಲು ನಿರ್ಣಯಗಳು ಯಾವುದೋ ಒಂದು ಕಮಿಟಿಯ ಕೆಲಸದ ಫಲ. ಆ ನಿರ್ಣಯಕ್ಕೆ ವೋಟ್ ಹಾಕುವುದೆಂದರೆ ಆ ಕಮಿಟಿಗೆ ಮಾರ್ಕ್ಸ್ ಕೊಟ್ಟ ಹಾಗೆ. ಈ ದೃಷ್ಟಿಯಲ್ಲಿ ನೋಟಿಸ್ ಓದುವುದು ಹೇಗೆ ಎಂದು ಇಲ್ಲಿ ಬರೆದಿದ್ದೇನೆ. ಷೇರುಪೇಟೆಯಲ್ಲಿ ಲಿಸ್ಟ್ ಆದ ಭಾರತದ ಕಂಪನಿಗಳಿಗೆ ಇದು ಅನ್ವಯಿಸುತ್ತದೆ.

ಹೆಜ್ಜೆ 1: ಯಾವ ಕಮಿಟಿ ಏನು ಕಾಯುತ್ತದೆ ಎಂದು ತಿಳಿದುಕೊಳ್ಳಿ

ಮುಖ್ಯವಾಗಿ ಎರಡು ಕಮಿಟಿಗಳನ್ನು ನೆನಪಿಟ್ಟುಕೊಂಡರೆ ಸಾಕು.

ಮೊದಲನೆಯದು ಆಡಿಟ್ ಕಮಿಟಿ. ಲೆಕ್ಕಪತ್ರ ಸರಿಯಿದೆಯೇ, ಆಡಿಟರ್ ಯಾರಾಗಬೇಕು, ಮಾಲೀಕರ ಬೇರೆ ಸಂಸ್ಥೆಗಳ ಜೊತೆ ನಡೆಯುವ ವ್ಯವಹಾರ ನ್ಯಾಯವಾಗಿದೆಯೇ ಎಂದು ನೋಡುವುದು ಇದರ ಕೆಲಸ. ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಯ ನಿಯಮದ ಪ್ರಕಾರ ಇದರಲ್ಲಿ ಕನಿಷ್ಠ ಮೂವರು ನಿರ್ದೇಶಕರಿರಬೇಕು. ಮೂರರಲ್ಲಿ ಎರಡು ಪಾಲು ಸ್ವತಂತ್ರ ನಿರ್ದೇಶಕರು, ಅಂದರೆ ಕಂಪನಿಯ ಜೊತೆಗೂ ಮಾಲೀಕರ ಜೊತೆಗೂ ನಂಟಿಲ್ಲದ ಹೊರಗಿನವರು, ಆಗಿರಬೇಕು. ಅಧ್ಯಕ್ಷರೂ ಸ್ವತಂತ್ರರೇ ಆಗಿರಬೇಕು. ವರ್ಷಕ್ಕೆ ಕನಿಷ್ಠ ನಾಲ್ಕು ಸಲ ಸೇರಬೇಕು, ಎರಡು ಸಭೆಗಳ ನಡುವೆ 120 ದಿನಕ್ಕಿಂತ ಜಾಸ್ತಿ ಅಂತರ ಇರಬಾರದು.

ಎರಡನೆಯದು ನಾಮನಿರ್ದೇಶನ ಮತ್ತು ವೇತನ ಸಮಿತಿ. ಬೋರ್ಡಿಗೆ ಯಾರು ಬರಬೇಕು, ಎಂಡಿಗೆ (ವ್ಯವಸ್ಥಾಪಕ ನಿರ್ದೇಶಕರಿಗೆ) ಎಷ್ಟು ಸಂಬಳ ಎಂದು ಶಿಫಾರಸು ಮಾಡುವುದು ಇದು. ಇಲ್ಲಿಯೂ ಮೂರರಲ್ಲಿ ಎರಡು ಪಾಲು ಸ್ವತಂತ್ರರು. ಹೆಸರು ಉದ್ದವಾಯಿತು, ಮುಂದೆ ಇದನ್ನು ವೇತನ ಸಮಿತಿ ಎಂದೇ ಕರೆಯುತ್ತೇನೆ.

ಷೇರುದಾರರ ದೂರು ನೋಡಿಕೊಳ್ಳುವ ಸಮಿತಿಯೊಂದಿದೆ. ದೊಡ್ಡ 1000 ಕಂಪನಿಗಳಲ್ಲಿ ರಿಸ್ಕ್ ಕಮಿಟಿಯೂ ಇರುತ್ತದೆ. ಅವುಗಳ ಕೆಲಸ ನೇರವಾಗಿ ವೋಟಿಗೆ ಬರುವುದು ಅಪರೂಪ.

ಇಷ್ಟೆಲ್ಲ ನಿಯಮ ಯಾಕೆ ಬಂತು ಎನ್ನುವುದಕ್ಕೆ ಸತ್ಯಂ ನೆನಪಿಸಿಕೊಂಡರೆ ಸಾಕು. 2008ರ ಡಿಸೆಂಬರ್ 16ರಂದು ಹೈದರಾಬಾದಿನ ಸತ್ಯಂ ಕಂಪನಿಯ ಬೋರ್ಡ್, ಮಾಲೀಕರ ಕುಟುಂಬದ್ದೇ ಆದ ಎರಡು ಮೇಟಾಸ್ ಕಂಪನಿಗಳನ್ನು ಸುಮಾರು 160 ಕೋಟಿ ಡಾಲರ್‌ಗೆ ಕೊಳ್ಳಲು ಒಪ್ಪಿತು. ಷೇರುದಾರರನ್ನು ಕೇಳಲೇ ಇಲ್ಲ. ಹೂಡಿಕೆದಾರರು ಸಿಡಿದೆದ್ದ ಮೇಲೆ ಕೆಲವೇ ಗಂಟೆಗಳಲ್ಲಿ ಹಿಂದೆ ಸರಿಯಿತು. ಆ ಬೋರ್ಡಿನಲ್ಲಿ ಹೆಸರುವಾಸಿ ಸ್ವತಂತ್ರ ನಿರ್ದೇಶಕರಿದ್ದರು. ಆಡಿಟ್ ಕಮಿಟಿಯೂ ಇತ್ತು. ಮೂರು ವಾರದ ನಂತರ, 2009ರ ಜನವರಿ 7ರಂದು, ಲೆಕ್ಕವೇ ಸುಳ್ಳು ಎಂದು ಕಂಪನಿಯ ಅಧ್ಯಕ್ಷರೇ ಒಪ್ಪಿಕೊಂಡರು. ಕಾಗದದ ಮೇಲೆ ಕಮಿಟಿ ಇದ್ದ ಮಾತ್ರಕ್ಕೆ ಕಾವಲು ಇದೆ ಅಂತ ಅಲ್ಲ, ಅಲ್ವಾ?

ಹೆಜ್ಜೆ 2: ಪ್ರತಿ ನಿರ್ಣಯದ ಪಕ್ಕ ಕಮಿಟಿಯ ಹೆಸರು ಬರೆಯಿರಿ

ಸಭೆಗೆ ಪೂರಾ 21 ದಿನ ಮೊದಲೇ ನೋಟಿಸ್ ಕೊಡಬೇಕು ಎಂದು ಕಾನೂನು ಹೇಳುತ್ತದೆ. ಅಂದರೆ ಓದಲು ಸಮಯವಿದೆ. ನೋಟಿಸಿನ ಮೊದಲ ಎರಡು ಮೂರು ಪುಟದಲ್ಲಿ ನಿರ್ಣಯಗಳ ಪಟ್ಟಿ ಇರುತ್ತದೆ. ಅದರ ಹಿಂದೆ ‘ವಿವರಣಾ ಹೇಳಿಕೆ’ ಎಂಬ ಭಾಗ ಬರುತ್ತದೆ. ನಿಜವಾದ ವಿಷಯವೆಲ್ಲ ಅಲ್ಲೇ ಇರುವುದು. ಪೆನ್ಸಿಲ್ ತೆಗೆದುಕೊಂಡು ಪ್ರತಿ ನಿರ್ಣಯದ ಪಕ್ಕ ಇದು ಯಾವ ಕಮಿಟಿಯ ಕೈಯಿಂದ ಬಂದದ್ದು ಎಂದು ಗುರುತು ಹಾಕಿ.

ನಿರ್ದೇಶಕರ ನೇಮಕ ಅಥವಾ ಮರುನೇಮಕ ವೇತನ ಸಮಿತಿಯ ಶಿಫಾರಸು. ಇಲ್ಲಿ ಎರಡು ಬಗೆ ಇದೆ. ಸರದಿಯ ಮೇಲೆ ನಿವೃತ್ತರಾಗಿ ಮತ್ತೆ ಬರುವ ನಿರ್ದೇಶಕರಿಗೆ ಸಾಮಾನ್ಯ ನಿರ್ಣಯ ಸಾಕು, ಅರ್ಧಕ್ಕಿಂತ ಹೆಚ್ಚು ವೋಟ್ ಬಂದರೆ ಆಯಿತು. ಸ್ವತಂತ್ರ ನಿರ್ದೇಶಕರಿಗೆ 2022ರ ಜನವರಿ 1ರಿಂದ ವಿಶೇಷ ನಿರ್ಣಯ ಬೇಕು. ಅಂದರೆ ಬಿದ್ದ ವೋಟಿನಲ್ಲಿ ಶೇ. 75 ಪರವಾಗಿರಬೇಕು. ಅದು ಸಿಗದಿದ್ದರೂ ಒಂದು ಪಕ್ಕದ ದಾರಿ ಇದೆ. ಒಟ್ಟು ವೋಟಿನಲ್ಲಿ ಪರ ಹೆಚ್ಚಿದ್ದು, ಪ್ರವರ್ತಕರನ್ನು (ಅಂದರೆ ಮಾಲೀಕರನ್ನು) ಬಿಟ್ಟು ಸಾರ್ವಜನಿಕ ಷೇರುದಾರರ ವೋಟನ್ನಷ್ಟೇ ಎಣಿಸಿದಾಗಲೂ ಪರವೇ ಹೆಚ್ಚಿದ್ದರೆ ನೇಮಕ ಆದಂತೆ. ಯಾವ ದಾರಿ ಹಿಡಿದರೂ ಮಾಲೀಕರು ತಮ್ಮ ವೋಟಿನ ಬಲದಲ್ಲೇ ತಮಗೆ ಬೇಕಾದ ‘ಸ್ವತಂತ್ರ’ರನ್ನು ಕೂರಿಸುವುದು ಈಗ ಮೊದಲಿನಷ್ಟು ಸುಲಭವಲ್ಲ. ಕಮಿಟಿಗಳಲ್ಲಿ ಕೂರುವವರು ಇವರೇ. ಆದ್ದರಿಂದ ನನ್ನ ಲೆಕ್ಕದಲ್ಲಿ ನೋಟಿಸಿನ ಅತಿ ಮುಖ್ಯ ಸಾಲು ಇದು.

ಎಂಡಿಯ ಸಂಬಳವೂ ವೇತನ ಸಮಿತಿಯದೇ ಕೆಲಸ. 2021ರ ಆಗಸ್ಟ್‌ನಲ್ಲಿ ರಾಯಲ್ ಎನ್‌ಫೀಲ್ಡ್ ತಯಾರಿಸುವ ಐಷರ್ ಮೋಟಾರ್ಸ್‌ನ ಸಭೆಯಲ್ಲಿ ಏನಾಯಿತು ನೋಡಿ. ಎಂಡಿ ಸಿದ್ಧಾರ್ಥ ಲಾಲ್ ಅವರ ಮರುನೇಮಕ ಮತ್ತು ಸಂಬಳದ ವಿಶೇಷ ನಿರ್ಣಯಕ್ಕೆ ಶೇ. 75 ಸಿಗಲಿಲ್ಲ. ಅವರು ಬೇಡ ಎಂದು ಯಾರೂ ಹೇಳುತ್ತಿರಲಿಲ್ಲ. ಸಂಬಳಕ್ಕೆ ಇಟ್ಟ ಮಿತಿ ತೀರಾ ಧಾರಾಳವಾಗಿದೆ ಎನ್ನುವುದು ದೊಡ್ಡ ಹೂಡಿಕೆ ಸಂಸ್ಥೆಗಳ ತಕರಾರು. ಕೆಲವೇ ದಿನಗಳಲ್ಲಿ ಬೋರ್ಡ್ ಮಿತಿಯನ್ನು ಇಳಿಸಿ ಮತ್ತೆ ಷೇರುದಾರರ ಮುಂದೆ ಬಂತು, ಒಪ್ಪಿಗೆ ಪಡೆಯಿತು. ವೇತನ ಸಮಿತಿ ಕೂತು ಮಾಡಿದ ಲೆಕ್ಕವನ್ನು ವೋಟು ತಿದ್ದಿಸಿತು.

ಆಡಿಟರ್ ನೇಮಕ ಆಡಿಟ್ ಕಮಿಟಿಯ ಶಿಫಾರಸು. ಆಡಿಟ್ ಸಂಸ್ಥೆಯನ್ನು ಐದು ವರ್ಷಕ್ಕೆ ನೇಮಿಸುತ್ತಾರೆ, ಸತತವಾಗಿ ಎರಡು ಅವಧಿಗಿಂತ ಹೆಚ್ಚು ಇರುವಂತಿಲ್ಲ. ಶುಲ್ಕ ಹಳೆಯ ಆಡಿಟರ್‌ಗಿಂತ ತೀರಾ ಕಡಿಮೆಯೋ, ತೀರಾ ಜಾಸ್ತಿಯೋ ನೋಡಿ. ಅವಧಿ ಮುಗಿಯುವ ಮೊದಲೇ ಹಳೆಯ ಆಡಿಟರ್ ಬಿಟ್ಟು ಹೋಗಿದ್ದರೆ ಕಾರಣ ಹುಡುಕಿ. ‘ಬೇರೆ ಕೆಲಸದ ಒತ್ತಡ’ ಎಂದು ಬರೆದಿದ್ದರೆ ನಾನಂತೂ ಒಂದು ಹುಬ್ಬು ಏರಿಸುತ್ತೇನೆ.

ಇನ್ನು ಉಳಿದದ್ದು ಸಂಬಂಧಿತ ಪಕ್ಷಗಳ ವ್ಯವಹಾರ. ನನ್ನನ್ನು ಸುಟ್ಟದ್ದು ಇದೇ. ಕಂಪನಿಯು ತನ್ನ ಮಾಲೀಕರ ಬೇರೆ ಸಂಸ್ಥೆ, ಅಂಗಸಂಸ್ಥೆ, ವಿದೇಶದ ಮಾತೃಸಂಸ್ಥೆ ಇಂಥವರ ಜೊತೆ ಮಾಡುವ ಸಾಲ, ಖರೀದಿ, ರಾಯಲ್ಟಿ (ಬ್ರಾಂಡ್, ತಂತ್ರಜ್ಞಾನ ಬಳಸಿದ್ದಕ್ಕೆ ಕೊಡುವ ಹಣ) ಎಲ್ಲ ಇದರಲ್ಲಿ ಬರುತ್ತವೆ. ಮೊದಲು ಆಡಿಟ್ ಕಮಿಟಿ ಒಪ್ಪಬೇಕು. ಮೊತ್ತ ಸೆಬಿ ಇಟ್ಟ ಮಿತಿ ದಾಟಿದರೆ ಷೇರುದಾರರೂ ಒಪ್ಪಬೇಕು. ಇಲ್ಲಿ ಒಂದು ಬಲವಾದ ನಿಯಮವಿದೆ. ಸಂಬಂಧಿತ ಪಕ್ಷದವರು ಯಾರೂ ಈ ನಿರ್ಣಯದ ಪರವಾಗಿ ವೋಟ್ ಹಾಕುವಂತಿಲ್ಲ. ಮಾಲೀಕರ ಕೈ ಕಟ್ಟಿರುತ್ತದೆ. ಉಳಿದವರ ಮಾತೇ ಕೊನೆ.

ಇದರ ಬಲ ಎಷ್ಟು ಎನ್ನುವುದು 2024ರಲ್ಲಿ ಕಂಡಿತು. ನಮ್ಮ ನಂಜನಗೂಡಿನಲ್ಲೂ ಕಾರ್ಖಾನೆ ಇರುವ ನೆಸ್ಲೆ ಇಂಡಿಯಾ, ಸ್ವಿಟ್ಜರ್ಲೆಂಡಿನ ಮಾತೃಸಂಸ್ಥೆಗೆ ಕೊಡುವ ರಾಯಲ್ಟಿಯನ್ನು ಮಾರಾಟದ ಶೇ. 4.5ರಿಂದ ಐದು ವರ್ಷದಲ್ಲಿ ಶೇ. 5.25ಕ್ಕೆ ಏರಿಸಲು ಹೊರಟಿತು. ಆಡಿಟ್ ಕಮಿಟಿ, ಬೋರ್ಡ್ ಎರಡೂ ಒಪ್ಪಿದ್ದವು. ಮೇ ತಿಂಗಳಲ್ಲಿ ಷೇರುದಾರರ ಮುಂದೆ ಬಂದಾಗ ಶೇ. 57ಕ್ಕೂ ಹೆಚ್ಚು ವೋಟ್ ವಿರುದ್ಧ ಬಿದ್ದವು. ಕಂಪನಿಯ ಶೇ. 60ಕ್ಕಿಂತ ಹೆಚ್ಚು ಷೇರು ಮಾತೃಸಂಸ್ಥೆಯ ಕೈಯಲ್ಲೇ ಇದ್ದರೂ ಏನೂ ಮಾಡಲಾಗಲಿಲ್ಲ. ಜುಲೈನಲ್ಲಿ ಹಳೆಯ ಶೇ. 4.5ರ ದರಕ್ಕೇ ಮತ್ತೆ ಒಪ್ಪಿಗೆ ಕೇಳಿ ಪಡೆಯಬೇಕಾಯಿತು.

ಹೆಜ್ಜೆ 3: ವಾರ್ಷಿಕ ವರದಿಯಲ್ಲಿ ಹಾಜರಿ ಪಟ್ಟಿ ಹುಡುಕಿ

ಇನ್ನೂರು ಮುನ್ನೂರು ಪುಟದ ವರದಿ ಪೂರ್ತಿ ಓದಬೇಕಾಗಿಲ್ಲ. ‘ಕಾರ್ಪೊರೇಟ್ ಆಡಳಿತ ವರದಿ’ ಎಂಬ ಭಾಗಕ್ಕೆ ಹೋಗಿ. ಯಾವ ಕಮಿಟಿಯಲ್ಲಿ ಯಾರಿದ್ದಾರೆ, ಎಷ್ಟು ಸಭೆ ನಡೆಯಿತು, ಯಾರು ಎಷ್ಟಕ್ಕೆ ಬಂದರು ಎಂದು ಕೋಷ್ಟಕದಲ್ಲಿ ಕೊಟ್ಟಿರುತ್ತಾರೆ. ಮರುನೇಮಕ ಕೇಳುತ್ತಿರುವವರ ಹೆಸರನ್ನು ಅಲ್ಲಿ ಹುಡುಕಿ. ಶಾಲೆಯಲ್ಲಿ ಹಾಜರಿ ಕಡಿಮೆ ಇದ್ದ ಹುಡುಗನನ್ನು ಪರೀಕ್ಷೆಗೆ ಕೂರಿಸುತ್ತಿರಲಿಲ್ಲ. ನಾನೂ ಇಲ್ಲಿ ಅದೇ ನಿಯಮ ಪಾಲಿಸುತ್ತೇನೆ. ನಾಲ್ಕು ಆಡಿಟ್ ಸಭೆಯಲ್ಲಿ ಎರಡಕ್ಕೆ ಬಂದವರಿಗೆ ನನ್ನ ವೋಟ್ ವಿರುದ್ಧ.

ಅದೇ ಕೋಷ್ಟಕದಲ್ಲಿ ಅವರು ಇನ್ನೂ ಎಷ್ಟು ಕಂಪನಿಗಳ ಬೋರ್ಡಿನಲ್ಲಿದ್ದಾರೆ ಎಂದೂ ಇರುತ್ತದೆ. ಲಿಸ್ಟ್ ಆದ ಏಳಕ್ಕಿಂತ ಹೆಚ್ಚು ಕಂಪನಿಗಳಲ್ಲಿ ಒಬ್ಬರೇ ನಿರ್ದೇಶಕರಾಗುವಂತಿಲ್ಲ. ಏಳು ಅಂದರೂ ಕಮ್ಮಿಯೇನಲ್ಲ. 2018ರ ಜುಲೈನಲ್ಲಿ ಎಚ್‌ಡಿಎಫ್‌ಸಿಯ ದೀಪಕ್ ಪಾರೇಖ್ ಅವರ ಮರುನೇಮಕಕ್ಕೆ ಶೇ. 77.36 ವೋಟ್ ಬಿತ್ತು. ಬೇಕಿದ್ದದ್ದು ಶೇ. 75. ಅಷ್ಟು ದೊಡ್ಡ ಹೆಸರೂ ಕೂದಲೆಳೆಯಲ್ಲಿ ಪಾರಾಗಲು ಮುಖ್ಯ ಕಾರಣ, ಅವರು ಬಹಳ ಬೋರ್ಡುಗಳಲ್ಲಿದ್ದಾರೆ ಎಂಬ ಆಕ್ಷೇಪ.

ಇನ್ನೆರಡು ಸಾಲು ಹುಡುಕುವುದನ್ನು ಮರೆಯಬೇಡಿ. ಕಮಿಟಿಯ ಶಿಫಾರಸನ್ನು ಬೋರ್ಡ್ ಒಪ್ಪದೆ ಇದ್ದರೆ ಅದನ್ನು ಕಾರಣ ಸಮೇತ ಬರೆಯಲೇಬೇಕು. ಹೆಚ್ಚಿನ ವರದಿಗಳಲ್ಲಿ ‘ಎಲ್ಲ ಶಿಫಾರಸುಗಳನ್ನೂ ಒಪ್ಪಲಾಗಿದೆ’ ಎಂದಿರುತ್ತದೆ. ಬೇರೇನಾದರೂ ಇದ್ದರೆ ಅಲ್ಲೇ ನಿಲ್ಲಿ. ಹಾಗೆಯೇ ಸ್ವತಂತ್ರ ನಿರ್ದೇಶಕರು ಅವಧಿಗೆ ಮೊದಲೇ ರಾಜೀನಾಮೆ ಕೊಟ್ಟಿದ್ದರೆ ಅದರ ಕಾರಣವೂ ಇರಬೇಕು. ಒಂದೇ ವರ್ಷದಲ್ಲಿ ಆಡಿಟ್ ಕಮಿಟಿಯ ಇಬ್ಬರು ‘ವೈಯಕ್ತಿಕ ಕಾರಣ’ಕ್ಕೆ ಹೊರಟರೆ ಮನೆಯಲ್ಲಿ ಏನೋ ಸುಟ್ಟ ವಾಸನೆ ಅಂತಲೇ ಲೆಕ್ಕ.

ಹೆಜ್ಜೆ 4: ನಿಮ್ಮ ವೋಟಿಗೆ ಎಲ್ಲಿ ಬಲವಿದೆ, ಲೆಕ್ಕ ಹಾಕಿ

ಪ್ರವರ್ತಕರ ಬಳಿ ಶೇ. 40 ಷೇರು ಇದೆ ಅಂದುಕೊಳ್ಳಿ. ಉಳಿದವರ ಬಳಿ ಶೇ. 60. ಆ 60ರಲ್ಲಿ 35 ಮಾತ್ರ ವೋಟಿಗೆ ಬೀಳುತ್ತದೆ. ಒಟ್ಟು ಬಿದ್ದದ್ದು 75. ಸಾಮಾನ್ಯ ನಿರ್ಣಯವಾದರೆ 37.5 ದಾಟಿದರೆ ಸಾಕು, ಪ್ರವರ್ತಕರ 40 ಒಂದೇ ಗೆಲ್ಲುತ್ತದೆ. ವಿಶೇಷ ನಿರ್ಣಯವಾದರೆ 56.25 ಬೇಕು. ಅಂದರೆ ವೋಟ್ ಹಾಕಿದ 35ರಲ್ಲಿ 19 ವಿರುದ್ಧ ಬಿದ್ದರೂ ನಿರ್ಣಯ ಸೋಲುತ್ತದೆ. ಸಂಬಂಧಿತ ಪಕ್ಷದ ವ್ಯವಹಾರವಾದರೆ ಆ 40 ಲೆಕ್ಕಕ್ಕೇ ಇಲ್ಲ. ತಡೆಯಲು ಆ 35ರಲ್ಲಿ ಅರ್ಧ ಸಾಕು.

ಲೆಕ್ಕ ಬಿದ್ದ ವೋಟಿನ ಮೇಲೆ ನಡೆಯುತ್ತದೆ, ಇರುವ ಷೇರಿನ ಮೇಲಲ್ಲ. ಸುಮ್ನೆ ಮನೆಯಲ್ಲಿ ಕೂತವರು ವಿರೋಧಿಸಿದಂತೆ ಆಗುವುದಿಲ್ಲ. ಅವರು ಪ್ರವರ್ತಕರ ಪಾಲನ್ನು ಇನ್ನಷ್ಟು ದಪ್ಪ ಮಾಡುತ್ತಾರೆ, ಅಷ್ಟೇ.

ಪ್ರವರ್ತಕರ ಬಳಿ ಶೇ. 70 ಇದ್ದು, ಉಳಿದವರಲ್ಲಿ 15 ಮಾತ್ರ ವೋಟ್ ಹಾಕಿದರೆ ವಿಶೇಷ ನಿರ್ಣಯವನ್ನೂ ತಡೆಯಲಾಗದು. ಅಂಥ ಕಂಪನಿಯಲ್ಲಿ ನನ್ನ ಸಮಯವನ್ನೆಲ್ಲ ಸಂಬಂಧಿತ ಪಕ್ಷದ ನಿರ್ಣಯಗಳಿಗೇ ಮೀಸಲಿಡುತ್ತೇನೆ.

ಹೆಜ್ಜೆ 5: ವೋಟ್ ಹಾಕಿ

ಇದು ಹತ್ತು ನಿಮಿಷದ ಕೆಲಸ. ನೋಟಿಸಿನಲ್ಲಿ ‘ಕಟ್-ಆಫ್ ದಿನಾಂಕ’ ಇರುತ್ತದೆ. ಆ ದಿನ ನಿಮ್ಮ ಡಿಮ್ಯಾಟ್ ಖಾತೆಯಲ್ಲಿ ಷೇರು ಇದ್ದರೆ ವೋಟ್ ನಿಮ್ಮದು. ಮರುದಿನ ಮಾರಿದರೂ ಪರವಾಗಿಲ್ಲ. ಒಂದೇ ಷೇರು ಇದ್ದರೂ ಸಾಕು.

ಡಿಮ್ಯಾಟ್ ಷೇರುಗಳನ್ನು ಕಾಪಿಡುವ ಸಂಸ್ಥೆಗಳು ಎರಡು. ನಿಮ್ಮದು ಎನ್‌ಎಸ್‌ಡಿಎಲ್‌ನಲ್ಲಿದೆಯೋ ಸಿಡಿಎಸ್‌ಎಲ್‌ನಲ್ಲಿದೆಯೋ ನೋಡಿಕೊಳ್ಳಿ. ಎನ್‌ಎಸ್‌ಡಿಎಲ್ ಆದರೆ ಐಡಿಯಾಸ್, ಸಿಡಿಎಸ್‌ಎಲ್ ಆದರೆ ಈಸಿ ಎಂಬ ಸೇವೆಗೆ ಒಮ್ಮೆ ನೋಂದಾಯಿಸಿಕೊಂಡರೆ ನಿಮ್ಮ ಎಲ್ಲ ಕಂಪನಿಗಳ ವೋಟಿಂಗೂ ಒಂದೇ ಕಡೆ ಕಾಣುತ್ತದೆ. ನೋಂದಣಿ ಬೇಡ ಎನ್ನುವವರು ಡಿಮ್ಯಾಟ್ ವಿವರ ಕೊಟ್ಟು, ಮೊಬೈಲಿಗೆ ಬರುವ ಓಟಿಪಿ ಹಾಕಿ ಒಳಗೆ ಹೋಗಬಹುದು. ಅದಕ್ಕೆ ಡಿಮ್ಯಾಟ್‌ನಲ್ಲಿ ನಿಮ್ಮ ಈಗಿನ ಮೊಬೈಲ್ ನಂಬರ್ ಇರಬೇಕು. ಬಹಳ ಜನ ಎಡವುವುದು ಇಲ್ಲೇ, ನಂಬರ್ ಹಳೆಯದಾಗಿರುತ್ತದೆ.

ಇ-ವೋಟಿಂಗ್ ಕಿಟಕಿ ಕನಿಷ್ಠ ಮೂರು ದಿನ ತೆರೆದಿದ್ದು, ಸಭೆಯ ಹಿಂದಿನ ದಿನ ಸಂಜೆ 5 ಗಂಟೆಗೆ ಮುಚ್ಚುತ್ತದೆ. ಪ್ರತಿ ನಿರ್ಣಯದ ಮುಂದೆ ‘ಪರ’ ಅಥವಾ ‘ವಿರುದ್ಧ’ ಒತ್ತಿ, ದೃಢೀಕರಿಸಿ. ಒಮ್ಮೆ ದೃಢೀಕರಿಸಿದ ಮೇಲೆ ಬದಲಾಯಿಸಲು ಆಗುವುದಿಲ್ಲ. ಎಲ್ಲಕ್ಕೂ ಒಟ್ಟಿಗೆ ‘ಪರ’ ಒತ್ತುವ ಅನುಕೂಲವೂ ಇರಬಹುದು. ಆ ಗುಂಡಿಯಿಂದ ದೂರವಿರಿ!

ಹೆಜ್ಜೆ 6: ಸಭೆಯಲ್ಲಿ ಪ್ರಶ್ನೆ ಕೇಳಿ

ಮೊದಲೆಲ್ಲ ಮಹಾಸಭೆ ಎಂದರೆ ಸಭಾಂಗಣ, ತಿಂಡಿ ಪೊಟ್ಟಣ, ಸಾಲದ್ದಕ್ಕೆ ಒಂದು ಚೀಲವೋ ಸ್ಟೀಲ್ ಡಬ್ಬಿಯೋ. ಈಗ ಉಡುಗೊರೆ ಕೊಡುವಂತಿಲ್ಲ. ಹಲವು ಕಂಪನಿಗಳು ಸಭೆಯನ್ನೇ ವಿಡಿಯೋದಲ್ಲಿ ನಡೆಸುತ್ತವೆ. ಮನೆಯಲ್ಲೇ ಕೂತು ಮುಂಬೈನ ಕಂಪನಿಯನ್ನು ಪ್ರಶ್ನಿಸಬಹುದು. ಮಾತನಾಡಬೇಕೆಂದರೆ ನೋಟಿಸಿನಲ್ಲಿ ಕೊಟ್ಟ ಇಮೇಲ್‌ಗೆ ಮೊದಲೇ ಬರೆದು ಹೆಸರು ನೋಂದಾಯಿಸಬೇಕು. ಮುಂಚೆಯೇ ವೋಟ್ ಹಾಕಿದ್ದರೂ ಸಭೆಗೆ ಹೋಗಬಹುದು, ಎರಡನೇ ಸಲ ವೋಟ್ ಇಲ್ಲ ಅಷ್ಟೇ.

ಆಡಿಟ್ ಕಮಿಟಿಯ ಅಧ್ಯಕ್ಷರು ಷೇರುದಾರರ ಪ್ರಶ್ನೆಗೆ ಉತ್ತರಿಸಲು ಸಭೆಯಲ್ಲಿ ಇರಲೇಬೇಕು ಎಂಬ ನಿಯಮವಿದೆ. ಇದನ್ನು ಬಳಸಿಕೊಳ್ಳುವವರು ಬಹಳ ಕಡಿಮೆ. ಹೆಚ್ಚಿನವರು ಚೇರ್ಮನ್ನರನ್ನು ಹೊಗಳಿ, ಬೋನಸ್ ಷೇರು ಯಾವಾಗ ಎಂದು ಕೇಳಿ ಕೂರುತ್ತಾರೆ. ನೀವು ಹೀಗೆ ಕೇಳಿ: ‘ಆಡಿಟ್ ಕಮಿಟಿಯ ಅಧ್ಯಕ್ಷರಿಗೆ ನನ್ನ ಪ್ರಶ್ನೆ. ಐದನೇ ನಿರ್ಣಯದ ಬಾಡಿಗೆ ದರ ಮಾರುಕಟ್ಟೆ ದರವೇ ಎಂದು ಕಮಿಟಿ ಹೇಗೆ ಪರೀಕ್ಷಿಸಿತು? ಹೊರಗಿನವರಿಂದ ಮೌಲ್ಯಮಾಪನ ಮಾಡಿಸಿತೇ?’ ಪದವಿಯ ಹೆಸರು ಹಿಡಿದು ಕೇಳಿದರೆ ಉತ್ತರವನ್ನು ಬೇರೆಯವರ ಮೇಲೆ ಜಾರಿಸುವುದು ಕಷ್ಟ. ಒಮ್ಮೆ ನಾನು ಹೀಗೆ ಕೇಳಿದಾಗ ಪರದೆಯ ಮೇಲೆ ಅರ್ಧ ನಿಮಿಷ ಮೌನ. ಆಮೇಲೆ ಕಂಪನಿ ಕಾರ್ಯದರ್ಶಿ ‘ಮೇಲ್‌ನಲ್ಲಿ ಉತ್ತರಿಸುತ್ತೇವೆ’ ಎಂದರು. ಮೇಲ್ ಬಂತು, ಎರಡು ವಾರ ಬಿಟ್ಟು. ಮೌಲ್ಯಮಾಪನ ಮಾಡಿಸಿರಲಿಲ್ಲ.

ಹೆಜ್ಜೆ 7: ಫಲಿತಾಂಶದಲ್ಲಿ ಯಾವ ಸಾಲು ನೋಡಬೇಕು

ಸಭೆ ಮುಗಿದ ಎರಡು ಕೆಲಸದ ದಿನದೊಳಗೆ ವೋಟಿನ ವಿವರ ಷೇರುಪೇಟೆಯ ವೆಬ್‌ಸೈಟಿನಲ್ಲಿ ಬರುತ್ತದೆ. ‘ಅಂಗೀಕಾರವಾಗಿದೆ’ ಎಂಬ ಪದ ನೋಡಿ ಮುಚ್ಚಬೇಡಿ. ಪ್ರವರ್ತಕರು, ಸಂಸ್ಥೆಗಳು (ಮ್ಯೂಚುವಲ್ ಫಂಡಿನಂಥ ದೊಡ್ಡ ಹೂಡಿಕೆದಾರರು), ಉಳಿದ ಸಾರ್ವಜನಿಕರು ಎಂದು ಮೂರು ಸಾಲು ಬೇರೆ ಬೇರೆ ಇರುತ್ತವೆ. ಸಂಸ್ಥೆಗಳ ಸಾಲಿನಲ್ಲಿ ವಿರೋಧ ಎಷ್ಟು ಎಂಬುದೇ ಕಮಿಟಿಗೆ ಸಿಕ್ಕ ನಿಜವಾದ ಮಾರ್ಕ್ಸ್. ಒಟ್ಟಾರೆ ಶೇ. 88 ಪರ ಎಂದು ಕಂಡರೂ ಸಂಸ್ಥೆಗಳಲ್ಲಿ ಅರ್ಧ ವಿರುದ್ಧ ಇರಬಹುದು. ಬ್ರಿಟನ್ನಿನಲ್ಲಿ ಬೋರ್ಡ್ ಬೆಂಬಲಿಸಿದ ನಿರ್ಣಯಕ್ಕೆ ಶೇ. 20 ವಿರೋಧ ಬಂದರೆ, ಮುಂದೇನು ಮಾಡುತ್ತೇವೆ ಎಂದು ಕಂಪನಿ ವಿವರಣೆ ಕೊಡಬೇಕೆಂದು ಅಲ್ಲಿನ ಕಾರ್ಪೊರೇಟ್ ಆಡಳಿತ ಸಂಹಿತೆ ಹೇಳುತ್ತದೆ. ನಮ್ಮಲ್ಲೂ ಅಂಥದ್ದು ಬಂದರೆ ಒಳ್ಳೆಯದು ಎಂದು ನನಗನಿಸುತ್ತದೆ.

ಗೆದ್ದ ನಿರ್ಣಯವೂ ಬೋರ್ಡನ್ನು ಕಾಡಬಹುದು. 2017ರ ಏಪ್ರಿಲ್‌ನಲ್ಲಿ ನಮ್ಮ ಬೆಂಗಳೂರಿನ ಇನ್ಫೋಸಿಸ್‌ನಲ್ಲಿ ಅಂದಿನ ಸಿಒಒ (ಮುಖ್ಯ ಕಾರ್ಯಾಚರಣೆ ಅಧಿಕಾರಿ) ಪ್ರವೀಣ್ ರಾವ್ ಅವರ ಸಂಬಳದ ನಿರ್ಣಯ ಗೆದ್ದಿತು. ಆದರೆ ಪರ ಬಿದ್ದದ್ದು ಮೂರರಲ್ಲಿ ಎರಡು ಪಾಲಿನಷ್ಟು ಮಾತ್ರ. ಸ್ಥಾಪಕ ನಾರಾಯಣ ಮೂರ್ತಿ ತಾವು ವೋಟ್ ಹಾಕಲಿಲ್ಲ ಎಂದು ಬಹಿರಂಗವಾಗಿ ಹೇಳಿದರು. ಅದಕ್ಕೆ ಮೊದಲೇ ಹಿಂದಿನ ಹಣಕಾಸು ಮುಖ್ಯಸ್ಥರಿಗೆ ಕೊಟ್ಟ ಬೀಳ್ಕೊಡುಗೆ ಹಣದ ಬಗ್ಗೆ ತಕರಾರು ಎದ್ದಿತ್ತು. ಆ ಆಗಸ್ಟ್‌ನಲ್ಲಿ ಸಿಇಒ ವಿಶಾಲ್ ಸಿಕ್ಕಾ ರಾಜೀನಾಮೆ ಕೊಟ್ಟರು. ಚೇರ್ಮನ್ ಶೇಷಸಾಯಿ ಮತ್ತು ಕೆಲವು ನಿರ್ದೇಶಕರು ಹೊರನಡೆದರು, ನಂದನ್ ನಿಲೇಕಣಿ ಚೇರ್ಮನ್ ಆಗಿ ಬಂದರು. ಆ ಒಂದು ವೋಟಿನಿಂದಲೇ ಇಷ್ಟೆಲ್ಲ ಆಯಿತು ಎಂದರೆ ತಪ್ಪಾಗುತ್ತದೆ. ಆದರೆ ಅಸಮಾಧಾನ ಎಷ್ಟಿದೆ ಎಂದು ಮೊದಲು ಅಂಕಿಯಲ್ಲಿ ಕಂಡದ್ದು ಅಲ್ಲಿ.

ಹೆಜ್ಜೆ 8: ವೋಟ್ ಸಾಲದಿದ್ದರೆ

ಕಾನೂನಿನಲ್ಲಿ ಇನ್ನೂ ಕೆಲವು ಬಾಗಿಲುಗಳಿವೆ, ಒಬ್ಬರೇ ತಳ್ಳಿದರೆ ತೆರೆಯದಂಥವು. ಶೇ. 10 ಷೇರು ಇರುವವರು ಒಟ್ಟಾಗಿ ವಿಶೇಷ ಸಭೆ ಕರೆಯಲು ಬೋರ್ಡನ್ನು ಕೇಳಬಹುದು. ನಿರ್ದೇಶಕರನ್ನು ಅವಧಿಗೆ ಮೊದಲೇ ಸಾಮಾನ್ಯ ನಿರ್ಣಯದಿಂದ ತೆಗೆಯಬಹುದು. ಸ್ವತಂತ್ರ ನಿರ್ದೇಶಕರನ್ನು ತೆಗೆಯಲು ಮಾತ್ರ ಸಾಮಾನ್ಯವಾಗಿ ವಿಶೇಷ ನಿರ್ಣಯ ಬೇಕು. 2018ರ ಮೇನಲ್ಲಿ ಫೋರ್ಟಿಸ್ ಆಸ್ಪತ್ರೆ ಕಂಪನಿಯಲ್ಲಿ ಹೂಡಿಕೆದಾರರು ನಾಲ್ವರು ನಿರ್ದೇಶಕರನ್ನು ತೆಗೆಯಲು ಸಭೆ ಕರೆಸಿದರು. ಮೂವರು ವೋಟಿಗೆ ಮೊದಲೇ ರಾಜೀನಾಮೆ ಕೊಟ್ಟರು. ಉಳಿದ ಒಬ್ಬರನ್ನು ವೋಟು ಇಳಿಸಿತು.

ಮುಖಬೆಲೆಯಲ್ಲಿ (ಷೇರಿಗೆ ನಮೂದಿಸಿದ ಮೂಲ ಬೆಲೆ, ಮಾರುಕಟ್ಟೆ ಬೆಲೆಯಲ್ಲ) 20,000 ರೂಪಾಯಿಗಿಂತ ಹೆಚ್ಚಿಲ್ಲದ ಷೇರು ಇರುವವರನ್ನು ಕಾನೂನು ‘ಸಣ್ಣ ಷೇರುದಾರ’ ಎನ್ನುತ್ತದೆ. ಅಂಥ 1000 ಜನ, ಅಥವಾ ಅಂಥವರಲ್ಲಿ ಹತ್ತರಲ್ಲೊಂದು ಪಾಲು, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಜನ ಸೇರಿ ತಮ್ಮದೇ ಒಬ್ಬ ನಿರ್ದೇಶಕರನ್ನು ಸೂಚಿಸಬಹುದು. ಕಾಗದದಲ್ಲಿ ಚೆಂದದ ನಿಯಮ. ಒಬ್ಬರಿಗೊಬ್ಬರು ಗುರುತಿಲ್ಲದ ಸಾವಿರ ಜನರ ಸಹಿ ಕೂಡಿಸುವುದು ಮಾತ್ರ ಹುಡುಗಾಟವಲ್ಲ.

ನೇರ ಷೇರು ಇಲ್ಲದೆ ಮ್ಯೂಚುವಲ್ ಫಂಡ್‌ನಲ್ಲಿ ಮಾತ್ರ ಹಣ ಇಟ್ಟವರಿಗೂ ಇಲ್ಲೊಂದು ಕೆಲಸವಿದೆ. ನಿಮ್ಮ ಪರವಾಗಿ ಫಂಡ್ ವೋಟ್ ಹಾಕುತ್ತದೆ. 2022ರ ಏಪ್ರಿಲ್‌ನಿಂದ ಎಲ್ಲ ನಿರ್ಣಯಗಳಿಗೂ ವೋಟ್ ಹಾಕುವುದು ಅವರಿಗೆ ಕಡ್ಡಾಯ. ಪರವೋ ವಿರುದ್ಧವೋ, ಯಾಕೆ ಎಂದು ಅವರ ವೆಬ್‌ಸೈಟಿನಲ್ಲಿ ಪ್ರಕಟಿಸಬೇಕು. ನಿಮ್ಮ ಫಂಡಿನ ಪಟ್ಟಿ ತೆರೆದು ‘ಕಾರಣ’ ಎಂಬ ಅಂಕಣ ಓದಿ. ಪ್ರತಿ ಸಾಲಿನಲ್ಲೂ ‘ನಿಯಮಕ್ಕೆ ಅನುಗುಣವಾಗಿದೆ’ ಎಂಬ ಒಂದೇ ವಾಕ್ಯವಿದ್ದರೆ, ನನ್ನ ಹಾಗೆ ಅವರೂ ನೋಟಿಸನ್ನು ಓದದೆ ಡಿಲೀಟ್ ಮಾಡುತ್ತಿದ್ದಾರೆ ಅಂತ ಕಾಣುತ್ತದೆ. ಅವರ ಗ್ರಾಹಕ ಸೇವೆಗೆ ಒಂದು ಮೇಲ್ ಹಾಕಿ ಕೇಳಿ.